ಸ್ಥೂಲಕಾಯ ಮತ್ತು ಊಟದ ಹೊತ್ತು

ಹೊಟ್ಟೆ ಬೆಳೆದವನನ್ನು ಕಂಡರೆ ‘ಬಾಯಿಚಪಲ’ ಎಂದು ನಗುವುದು ನಮ್ಮವರಲ್ಲಿ ವಾಡಿಕೆ. ವೈದ್ಯರೂ ‘ಅನ್ನ ಕಡಿಮೆ ಮಾಡಿರಿ’ ಎಂದಷ್ಟೇ ಹೇಳಿ ಕಳುಹಿಸುತ್ತಾರೆ. ಎರಡು ತಿಂಗಳು ಪಥ್ಯ, ಮೂರನೆಯ ತಿಂಗಳು ಯಥಾಪ್ರಕಾರ. ಇದನ್ನು ಮನೋಬಲದ ಕೊರತೆಯೆಂದು ಬಗೆಯುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

1967ರಲ್ಲಿ ಅಮೇರಿಕೆಯ ರಿಚರ್ಡ್ ಸ್ಟುವರ್ಟ್ ಎಂಬವರು ಸ್ಥೂಲಕಾಯದ ಕೆಲವು ಮಹಿಳೆಯರಿಗೆ ಬರಿಯ ಬುದ್ಧಿವಾದ ಹೇಳುವುದನ್ನು ಬಿಟ್ಟು ಅವರ ಅಭ್ಯಾಸಗಳನ್ನೇ ತಿದ್ದುವ ಹಾದಿ ಹಿಡಿದರು. ತಿಂದುದನ್ನೂ ತಿಂದ ಹೊತ್ತನ್ನೂ ಬರೆದಿಡಬೇಕು; ಉಣ್ಣುವುದಕ್ಕೆ ಒಂದೇ ಸ್ಥಳವಿರಬೇಕು; ಉಣ್ಣುವಾಗ ಓದು ಕೂಡದು (ಪತ್ರಿಕೆಯವರಾದ ನಮಗೆ ಇದರಿಂದ ನಷ್ಟವೇ, ಇರಲಿ); ಬಾಯೊಳಗಿನ ತುತ್ತು ನುಂಗಿದ ಮೇಲೆಯೇ ಮುಂದಿನ ತುತ್ತು. ವರ್ಷ ಕಳೆಯುವಾಗ, ಕೊನೆಯವರೆಗೆ ಉಳಿದ 8 ಮಂದಿಯಲ್ಲಿ 6 ಮಂದಿ 30 ಪೌಂಡಿಗೂ, ಎಂದರೆ ಸುಮಾರು ಹದಿಮೂರೂವರೆ ಕಿಲೋಗೂ ಮಿಕ್ಕಿ ಇಳಿದಿದ್ದರು. ಸಂಖ್ಯೆ ಸಣ್ಣದು, ನಿಜ. ಆದರೂ ಇಂದು ವರ್ತನಾ ಚಿಕಿತ್ಸೆಯೆಂದು ಕರೆಯುವ ಪದ್ಧತಿ ಬೆಳೆದುದು ಇಂತಹ ಪ್ರಯೋಗಗಳಿಂದಲೇ.

ಇಳಿದ ತೂಕ ಮರಳಿ ಏರದಂತೆ ಕಾಯುವುದು ಇನ್ನೂ ಕಷ್ಟ. ತೂಕ ಇಳಿದೊಡನೆ ದೇಹವೇ ಹಸಿವನ್ನು ಹೆಚ್ಚಿಸುತ್ತದೆ. ಅದರ ಮೇಲೆ, ಒಂದು ದಿನ ಎರಡು ಬೋಂಡ ತಿಂದವನು ‘ವ್ರತ ಹೇಗೂ ಕೆಟ್ಟಿತು’ ಎಂದು ಹತ್ತು ತಿನ್ನುತ್ತಾನೆ. ಈ ಯೋಚನೆಯನ್ನೇ ತಿದ್ದಿ, ಎರಡಕ್ಕೇ ನಿಲ್ಲುವುದನ್ನು ಮನಶ್ಶಾಸ್ತ್ರಜ್ಞರು ಕಲಿಸುತ್ತಾರೆ. ತೂಕ ಇಳಿದ ಬಳಿಕವೂ ಸಲಹೆಗಾರರ ಸಂಪರ್ಕ ಬಿಡದವರಲ್ಲಿ ಅದು ಮರಳಿ ಏರುವುದು ಕಡಿಮೆಯೆಂದೂ ಕಂಡುಬಂದಿದೆ.

ನಮ್ಮ ಗುಮಾಸ್ತ ಬಂಧುಗಳು ಒಂದು ಸಣ್ಣ ನೋಟುಪುಸ್ತಕದಿಂದ ಇದನ್ನು ಆರಂಭಿಸಬಹುದು. ಆದರೆ ಹೋಟೇಲಿನ ಹುಡುಗರು? ಬೆಳಿಗ್ಗೆ ನಿಂತಲ್ಲೇ ಎರಡು ಇಡ್ಲಿ, ಗಿರಾಕಿಗಳು ಇಳಿದ ಮೇಲೆ ಮೂರು ಗಂಟೆಗೆ ಊಟ, ಬಾಗಿಲು ಹಾಕಿದ ಬಳಿಕ ಹನ್ನೊಂದಕ್ಕೆ ಉಳಿದ ಪಲಾವು; ನಡುವೆ ಸಕ್ಕರೆ ತುಂಬಿದ ಚಹಾ ಎಷ್ಟು ಬಾರಿಯೋ ಲೆಕ್ಕವಿಲ್ಲ. ಅದನ್ನು ಉಂಡು ಅಲ್ಲೇ ಮೇಜುಗಳ ಮೇಲೆ ಮಲಗುವವರೂ ಇದ್ದಾರೆ. ಒಂದು ಸ್ಥಳ, ಒಂದು ಹೊತ್ತು ಎಂಬುದು ಅವರ ಕೈಯಲ್ಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಧಣಿಯ ಕೈಯಲ್ಲಿದೆ. ಅಲ್ಲಿ ವರ್ಷಗಟ್ಟಲೆ ಕುಳಿತವರಾದುದರಿಂದ ನಾವು ಧೈರ್ಯದಿಂದಲೇ ಹೇಳುತ್ತೇವೆ: ಸರದಿಯಂತೆ ಅರ್ಧ ಗಂಟೆಯ ಬಿಡುವು, ಕುಳಿತು ಉಣ್ಣಲು ಒಂದು ಮೇಜು, ಇಷ್ಟನ್ನು ಕೊಟ್ಟರೆ ವ್ಯಾಪಾರ ಮುಳುಗದು. ರಾತ್ರಿಯ ಗದ್ದಲಕ್ಕೆ ಮುನ್ನವೇ ಕೆಲಸಗಾರರ ಊಟ ಮುಗಿಸುವ ಏರ್ಪಾಡನ್ನು ಹೋಟೇಲು ಮಾಲಿಕರ ಸಂಘಗಳು ತಮ್ಮ ಮುಂದಿನ ಸಭೆಯಲ್ಲಿಯೇ ಚರ್ಚೆಗೆ ತೆಗೆದುಕೊಳ್ಳಲಿ.