ಮಗುವಿನ ವಿಮಾನ, ಮನೆಯ ಹೊಣೆ: ಹವ್ಯಾಸದ ಹಾರಾಟಕ್ಕೆ ವಿಮೆಯ ಪ್ರಶ್ನೆ

ಬೀದರಿನ ವಾಯುಪಡೆ ನೆಲೆಯಿಂದ ಮೇಲೇರುವ ತರಬೇತಿ ವಿಮಾನಗಳನ್ನು ನೋಡುತ್ತಲೇ ನಮ್ಮ ಗಡಿ ಭಾಗದ ಮಕ್ಕಳು ಬೆಳೆಯುತ್ತಾರೆ. ಸೂರ್ಯಕಿರಣ ತಂಡವು 1996ರಲ್ಲಿ ರೂಪುಗೊಂಡದ್ದು ಆ ನೆಲೆಯಲ್ಲಿಯೇ. 2020ರ ಫೆಬ್ರುವರಿಯಿಂದ ಅಲ್ಲಿ ನಾಗರಿಕ ವಿಮಾನಗಳೂ ಇಳಿಯತೊಡಗಿದವು. ಹೀಗಿರುವಾಗ ಜಹೀರಾಬಾದಿನ ಶಾಲಾ ಬಾಲಕನೊಬ್ಬ ಥರ್ಮಾಕೋಲು ಕತ್ತರಿಸಿ, ಮೋಟಾರು ಕೂರಿಸಿ, ರಿಮೋಟಿನಿಂದ ಹಾರುವ ವಿಮಾನವೊಂದನ್ನು ಮಾಡಬೇಕೆಂದು ಹಂಬಲಿಸಿದರೆ ಅದು ಸಹಜವೇ. ಆದರೆ ಆ ವಿಮಾನ ಹತೋಟಿ ತಪ್ಪಿ, ಪಕ್ಕದ ಹೊಲದಲ್ಲಿ ತೊಗರಿ ಕೊಯ್ಯುತ್ತಿರುವ ಕೂಲಿಯವರ ಮುಖಕ್ಕೆ ಬಡಿದರೆ ಆಸ್ಪತ್ರೆಯ ಖರ್ಚನ್ನು ಭರಿಸುವವರು ಯಾರು? ಈ ಪ್ರಶ್ನೆಯನ್ನು ನಮ್ಮ ಪಾಲಕರು ಇನ್ನೂ ಕೇಳಿಕೊಂಡಂತಿಲ್ಲ. ಕಾನೂನು ಮಾತ್ರ ಅದಕ್ಕೆ ಈಗಾಗಲೇ ಉತ್ತರ ಬರೆದಿಟ್ಟಿದೆ.

ಮೊದಲು ಅಪಾಯದ ಅಳತೆಯನ್ನು ನೋಡೋಣ. ಹವ್ಯಾಸಿಗಳು ಬಳಸುವ ಸಾಧಾರಣ ಫೋಮ್ ವಿಮಾನದ ತೂಕ ಬ್ಯಾಟರಿ ಸಹಿತ ಸುಮಾರು 1 ಕಿಲೋ. ಅದು ಸೆಕೆಂಡಿಗೆ 15 ಮೀಟರ್, ಅಂದರೆ ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಹಾರುತ್ತಿದೆ ಎಂದಿಟ್ಟುಕೊಳ್ಳೋಣ. ಒಂಬತ್ತನೆಯ ತರಗತಿಯ ಚಲನಶಕ್ತಿಯ ಸೂತ್ರವನ್ನು ಹಾಕಿ ನೋಡಿದರೆ, ಅದರ ಪೆಟ್ಟು 1 ಕಿಲೋದ ವಸ್ತುವೊಂದು ಸುಮಾರು 11 ಮೀಟರ್ ಎತ್ತರದಿಂದ ಬಿದ್ದ ಪೆಟ್ಟಿಗೆ ಸಮ. ಮೂರು ಅಂತಸ್ತಿನ ಮನೆಯ ಮಾಳಿಗೆಯಿಂದ ಬೀಳುವ ಕಲ್ಲಿನ ಲೆಕ್ಕವಿದು. ಮುಂದೆ ತಿರುಗುತ್ತಿರುವ ಪ್ರೊಪೆಲ್ಲರ್ ಬೇರೆ. ಇದನ್ನು ಆಟಿಕೆ ಎಂದು ಕರೆದು ಸುಮ್ಮನಾಗುವಂತಿಲ್ಲ.

ಕೇಂದ್ರ ಸರ್ಕಾರವು 2021ರ ಆಗಸ್ಟ್ 25ರಂದು ಡ್ರೋನ್ ನಿಯಮಗಳನ್ನು ಪ್ರಕಟಿಸಿತು. ಹೆಸರಿನಲ್ಲಿ ‘ಡ್ರೋನ್’ ಎಂದಿದ್ದರೂ, ಪೈಲಟ್ ಒಳಗಿಲ್ಲದೆ ದೂರದಿಂದ ನಡೆಸಬಲ್ಲ ಅಥವಾ ತಾನಾಗಿ ಹಾರಬಲ್ಲ ಎಲ್ಲ ವಿಮಾನಗಳೂ ಅದರ ವ್ಯಾಪ್ತಿಗೆ ಬರುತ್ತವೆ. ರೆಕ್ಕೆಯ ವಿಮಾನವೇ ಇರಲಿ, ನಾಲ್ಕು ಫ್ಯಾನಿನ ಯಂತ್ರವೇ ಇರಲಿ, ಭೇದವಿಲ್ಲ. ಕೈಯಿಂದ ಎಸೆದು ಬಿಡುವ ಗ್ಲೈಡರ್ ಅಥವಾ ರಬ್ಬರ್ ತಿರುಚಿ ಹಾರಿಸುವ ವಿಮಾನಕ್ಕೆ ರಿಮೋಟ್ ಇಲ್ಲ. ನಮ್ಮ ತಿಳಿವಳಿಕೆಯಲ್ಲಿ ಅವು ಈ ನಿಯಮದ ಹೊರಗೆ ಉಳಿಯುತ್ತವೆ. ಉಳಿದವುಗಳನ್ನು ತೂಕದ ಮೇಲೆ ವಿಂಗಡಿಸಲಾಗಿದೆ. 250 ಗ್ರಾಂ ವರೆಗಿನವು ನ್ಯಾನೋ, ಅಲ್ಲಿಂದ 2 ಕಿಲೋ ವರೆಗಿನವು ಮೈಕ್ರೋ, 2ರಿಂದ 25 ಕಿಲೋ ವರೆಗಿನವು ಸಣ್ಣ ವರ್ಗ.

ವಿಮೆಯ ಮಾತು ಬರುವುದು 44ನೆಯ ನಿಯಮದಲ್ಲಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೂರನೆಯ ವ್ಯಕ್ತಿಯ ವಿಮೆ ಮತ್ತು ಪರಿಹಾರದ ಬಗ್ಗೆ ಏನಿದೆಯೋ ಅದು ಅಗತ್ಯ ಮಾರ್ಪಾಡುಗಳೊಂದಿಗೆ ಮಾನವರಹಿತ ವಿಮಾನಗಳಿಗೂ ಅನ್ವಯಿಸುತ್ತದೆ ಎಂದು ಆ ನಿಯಮ ಹೇಳುತ್ತದೆ. ನ್ಯಾನೋ ವರ್ಗಕ್ಕೆ ಮಾತ್ರ ವಿನಾಯಿತಿ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಮನೆಯ ಮುಂದೆ ನಿಂತ ದ್ವಿಚಕ್ರ ವಾಹನಕ್ಕೆ ‘ಥರ್ಡ್ ಪಾರ್ಟಿ’ ವಿಮೆ ಹೇಗೆ ಕಡ್ಡಾಯವೋ, 251 ಗ್ರಾಂ ತೂಗುವ ರಿಮೋಟ್ ವಿಮಾನಕ್ಕೂ ಹಾಗೆಯೇ.

ಇಲ್ಲಿಯೇ ಹಲವರು ಎಡವುತ್ತಾರೆ. ಶಿಕ್ಷಣ, ಸಂಶೋಧನೆ ಅಥವಾ ಮನರಂಜನೆಗಾಗಿ ಕಣ್ಣಳತೆಯೊಳಗೆ ಹಾರಿಸುವ, 25 ಕಿಲೋ ಮೀರದ ‘ಮಾದರಿ’ ವಿಮಾನಕ್ಕೆ ಟೈಪ್ ಸರ್ಟಿಫಿಕೇಟ್ ಬೇಕಿಲ್ಲ. ವಾಣಿಜ್ಯೇತರ ಉದ್ದೇಶಕ್ಕೆ ಮೈಕ್ರೋ ವಿಮಾನ ಹಾರಿಸುವವರಿಗೆ ರಿಮೋಟ್ ಪೈಲಟ್ ಪರವಾನಗಿಯೂ ಬೇಕಿಲ್ಲ. ಈ ಎರಡು ರಿಯಾಯಿತಿಗಳನ್ನು ಕೇಳಿದವರು ವಿಮೆಯೂ ಬೇಕಿಲ್ಲವೆಂದು ಭಾವಿಸುತ್ತಾರೆ. ಅದು ತಪ್ಪು. ಪ್ರಮಾಣಪತ್ರದ ವಿನಾಯಿತಿ ಬೇರೆ, ವಿಮೆಯ ವಿನಾಯಿತಿ ಬೇರೆ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರವು ಸಾರ್ವಜನಿಕ ಅಭಿಪ್ರಾಯಕ್ಕಾಗಿ ಹೊರಡಿಸಿದ ನಾಗರಿಕ ಡ್ರೋನ್ ಮಸೂದೆಯ ಕರಡು ಕೂಡ ಮೂರನೆಯ ವ್ಯಕ್ತಿಯ ವಿಮೆಯನ್ನು ಕಡ್ಡಾಯವಾಗಿಯೇ ಇರಿಸಿಕೊಂಡಿತ್ತು. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬುದು ಇದರಿಂದ ಸ್ಪಷ್ಟ.

ಹಾಗಾದರೆ ವಿಮೆ ಸಿಗುತ್ತದೆಯೇ? ವಿಮಾ ನಿಯಂತ್ರಣ ಪ್ರಾಧಿಕಾರವು 2020ರಲ್ಲಿ ಈ ವಿಷಯದ ಅಧ್ಯಯನಕ್ಕೆ ಕಾರ್ಯತಂಡವನ್ನು ರಚಿಸಿತು. ಅನಂತರದ ವರ್ಷಗಳಲ್ಲಿ ಎಚ್‌ಡಿಎಫ್‌ಸಿ ಎರ್ಗೊ, ಬಜಾಜ್ ಅಲಿಯಾನ್ಸ್ ಮೊದಲಾದ ಸಂಸ್ಥೆಗಳು ಡ್ರೋನ್ ವಿಮೆಯನ್ನು ಮಾರುಕಟ್ಟೆಗೆ ತಂದವು. ಆದರೆ ಈ ಪಾಲಿಸಿಗಳು ಹುಟ್ಟಿದ್ದು ಮದುವೆಯ ಚಿತ್ರೀಕರಣ, ಭೂಮಾಪನ, ಔಷಧಿ ಸಿಂಪಡಣೆಯಂಥ ದುಡಿಮೆಯ ಯಂತ್ರಗಳನ್ನು ಕಣ್ಣಮುಂದೆ ಇಟ್ಟುಕೊಂಡು. ತಯಾರಕರು ಯಾರು, ಮಾದರಿ ಯಾವುದು, ಗುರುತು ಸಂಖ್ಯೆ ಎಷ್ಟು ಎಂದು ಅರ್ಜಿ ಕೇಳಿದರೆ, ಮನೆಯ ಪಡಸಾಲೆಯಲ್ಲಿ ಅಂಟು ಹಚ್ಚಿ ಕಟ್ಟಿದ ವಿಮಾನದ ಒಡೆಯ ಏನು ಬರೆಯಬೇಕು? ಕಾನೂನು ಹವ್ಯಾಸಿಗೂ ವಿಮೆ ಬೇಕೆನ್ನುತ್ತದೆ. ಮಾರುಕಟ್ಟೆಯು ಹವ್ಯಾಸಿಯನ್ನು ಇನ್ನೂ ಸರಿಯಾಗಿ ಗುರುತಿಸಿಲ್ಲ.

ಮನೆಯಲ್ಲಿರುವ ಬೇರೆ ವಿಮೆಗಳು ಈ ಕೊರತೆಯನ್ನು ತುಂಬುವುದಿಲ್ಲ. 2021ರ ಏಪ್ರಿಲ್‌ನಿಂದ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯು ನಮ್ಮ ಮನೆಗೂ ಸಾಮಾನಿಗೂ ರಕ್ಷಣೆ ಕೊಡುತ್ತದೆಯೇ ಹೊರತು ನಮ್ಮಿಂದ ಅನ್ಯರಿಗಾದ ಗಾಯಕ್ಕಲ್ಲ. ವಿದ್ಯಾರ್ಥಿಯ ಅಪಘಾತ ವಿಮೆಯು ವಿದ್ಯಾರ್ಥಿಗೆ ಆದ ಗಾಯವನ್ನು ನೋಡುತ್ತದೆ, ವಿದ್ಯಾರ್ಥಿಯಿಂದ ಆದ ಗಾಯವನ್ನಲ್ಲ.

ಹೊರನಾಡುಗಳು ಈ ತೊಡಕನ್ನು ಬಿಡಿಸಿಕೊಂಡ ಬಗೆ ಗಮನಾರ್ಹ. ಅಮೆರಿಕದಲ್ಲಿ 1936ರಲ್ಲಿ ಸ್ಥಾಪನೆಯಾದ ಅಕಾಡೆಮಿ ಆಫ್ ಮಾಡೆಲ್ ಏರೋನಾಟಿಕ್ಸ್ ತನ್ನ ಸದಸ್ಯರಿಗೆ 25 ಲಕ್ಷ ಡಾಲರ್ ವರೆಗಿನ ಹೊಣೆಗಾರಿಕೆ ವಿಮೆಯನ್ನು ಸದಸ್ಯತ್ವದ ಜೊತೆಗೇ ಕೊಡುತ್ತದೆ. ಬ್ರಿಟನ್ನಿನ ಮಾದರಿ ವಿಮಾನ ಸಂಘದ ವ್ಯವಸ್ಥೆಯೂ ಇದೇ ಜಾಡಿನದು. ಜರ್ಮನಿಯಲ್ಲಿ ತೂಕ ಎಷ್ಟೇ ಇರಲಿ, ಹೊಣೆಗಾರಿಕೆ ವಿಮೆ ಕಡ್ಡಾಯ. ಅಲ್ಲಿ ಒಬ್ಬೊಬ್ಬ ಹುಡುಗ ವಿಮಾ ಕಚೇರಿಯ ಬಾಗಿಲು ತಟ್ಟಬೇಕಿಲ್ಲ. ಸಂಘವೇ ಎಲ್ಲರ ಪರವಾಗಿ ತಟ್ಟುತ್ತದೆ. ಹನಿಗೂಡಿದರೆ ಹಳ್ಳ ಎಂಬ ನಮ್ಮ ಗಾದೆಯ ಅರ್ಥವೂ ಅದೇ.

ನಮ್ಮ ಪಾಲಿಗೆ ಇನ್ನೊಂದು ತೊಡಕಿದೆ, ಅದು ಭಾಷೆಯದು. 1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಗಡಿಗೆರೆ ಸರಿಯಿತು, ಮನೆಮಾತು ಸರಿಯಲಿಲ್ಲ. ಇಂದು ಕನ್ನಡ ಮಾಧ್ಯಮದ ಮಗುವಿನ ತಾಯಿಯ ಕೈಗೆ ಇಂಗ್ಲಿಷಿನಲ್ಲಿ ಅಚ್ಚಾದ ಪಾಲಿಸಿ ಬರುತ್ತದೆ. ಅದನ್ನು ವಿವರಿಸುವ ಏಜೆಂಟರು ತೆಲುಗಿನಲ್ಲಿ ವಿವರಿಸುತ್ತಾರೆ. ‘ಜನಸಂದಣಿಯ ಮೇಲೆ ಹಾರಿಸಿದರೆ ಪರಿಹಾರವಿಲ್ಲ’, ‘ನಿಷಿದ್ಧ ವಲಯದಲ್ಲಿ ಹಾರಿಸಿದರೆ ಪರಿಹಾರವಿಲ್ಲ’ ಎಂಬಂಥ ಹೊರಗಿಡುವ ಷರತ್ತುಗಳು ಸಣ್ಣಕ್ಷರದಲ್ಲಿ ಕುಳಿತಿರುತ್ತವೆ. ವಿಮೆಯ ದಾಖಲೆಗಳನ್ನು ಸಂವಿಧಾನ ಮಾನ್ಯ ಮಾಡಿದ ಭಾಷೆಗಳಲ್ಲಿ ನೀಡಬಹುದು ಎಂದು ವಿಮಾ ಪ್ರಾಧಿಕಾರದ 2002ರ ಪಾಲಿಸಿದಾರರ ಹಿತರಕ್ಷಣಾ ನಿಯಮಗಳೇ ಹೇಳಿದ್ದವು. ‘ನೀಡಬಹುದು’ ಎಂದಿತ್ತು, ‘ನೀಡತಕ್ಕದ್ದು’ ಎಂದಿರಲಿಲ್ಲ. ಆ ಒಂದು ಕ್ರಿಯಾಪದದ ಅಂತರದಲ್ಲಿ ಭಾಷಾ ಅಲ್ಪಸಂಖ್ಯಾತರ ಹಕ್ಕು ಕಳೆದುಹೋಗುತ್ತದೆ. ಕೇಳದವರಿಗೆ ಯಾರೂ ಕೊಡುವುದಿಲ್ಲ. ಆದುದರಿಂದ ನಾವು ಕೇಳಬೇಕು.

ಪಾಲಕರು ಈಗಲೇ ಮಾಡಬಹುದಾದದ್ದೇನು? ಎಲ್ಲಕ್ಕಿಂತ ಮೊದಲು ತಕ್ಕಡಿ. ಬ್ಯಾಟರಿ ಸಹಿತ ತೂಗಿ ನೋಡಿ, ಮಗುವಿನ ಮೊದಲ ವಿಮಾನವನ್ನು 250 ಗ್ರಾಂ ಒಳಗೆ ಇರಿಸುವುದೇ ಜಾಣತನ. ಆಗ ವಿಮೆಯ ಕಡ್ಡಾಯವಿಲ್ಲ, ಪೆಟ್ಟೂ ಹಗುರ. ಆದರೂ ಹೊಣೆ ಪೂರ್ತಿ ತಪ್ಪುವುದಿಲ್ಲ; ಗಾಯವಾದರೆ ಪರಿಹಾರ ಕೈಯಿಂದಲೇ ಹೋಗುತ್ತದೆ.

ಎರಡನೆಯದು ಜಾಗ. ಡಿಜಿಟಲ್ ಸ್ಕೈ ವೇದಿಕೆಯ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯಗಳಿವೆ. ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಬಹುದು. ವಿಮಾನ ನಿಲ್ದಾಣದ ಸರಹದ್ದಿನಿಂದ 8ರಿಂದ 12 ಕಿಲೋಮೀಟರ್ ದೂರದಲ್ಲಿ ಆ ಮಿತಿ 200 ಅಡಿಗೆ ಇಳಿಯುತ್ತದೆ. 8 ಕಿಲೋಮೀಟರ್ ಒಳಗೆ ಅನುಮತಿಯಿಲ್ಲದೆ ಹಾರಿಸುವಂತೆಯೇ ಇಲ್ಲ. ಜಹೀರಾಬಾದ್ ಪಟ್ಟಣ ಬೀದರಿನಿಂದ ಸಾಕಷ್ಟು ದೂರದಲ್ಲಿದೆ. ಆದರೆ ಬೀದರಿನ ಕಡೆಗೆ ಚಾಚಿಕೊಂಡ ಗ್ರಾಮಗಳವರು ನಕ್ಷೆ ನೋಡದೆ ರಿಮೋಟು ಹಿಡಿಯಬಾರದು. ಅಲ್ಲಿರುವುದು ವಾಯುಪಡೆಯ ನೆಲೆ ಎಂಬುದನ್ನು ಮರೆಯಬಾರದು.

ಮೂರನೆಯದು ಕಾಗದ. 18 ತುಂಬದವರು ಕಾನೂನಿನ ಕಣ್ಣಿನಲ್ಲಿ ಒಪ್ಪಂದ ಮಾಡಿಕೊಳ್ಳಲಾರರು. ಆದ್ದರಿಂದ ವಿಮೆ ಪಾಲಕರ ಹೆಸರಿನಲ್ಲಿರಬೇಕು, ಹಾರಿಸುವವರು ಮಗು ಎಂಬುದನ್ನು ಅರ್ಜಿಯಲ್ಲಿ ಮುಚ್ಚಿಡದೆ ಬರೆಯಬೇಕು. ಮುಚ್ಚಿಟ್ಟ ಸತ್ಯವು ಪರಿಹಾರ ಕೇಳುವ ದಿನ ಎದುರು ನಿಲ್ಲುತ್ತದೆ. ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಪಾಲಿಸಿ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಗೆ ಉತ್ತರವನ್ನು ಬಾಯಿಮಾತಿನಲ್ಲಲ್ಲ, ಬರಹದಲ್ಲಿ ಪಡೆಯಬೇಕು.

ಶಾಲೆಗಳಿಗೂ ಕೆಲಸವಿದೆ. ನಮ್ಮ ಮೂರೂ ತಾಲೂಕುಗಳ ಕನ್ನಡ ಶಾಲೆಗಳ ಪಾಲಕರು ಮತ್ತು ಹಳೆಯ ವಿದ್ಯಾರ್ಥಿಗಳು ಕೂಡಿ ಒಂದು ಮಾದರಿ ವಿಮಾನ ಕೂಟವನ್ನು ಕಟ್ಟಿಕೊಂಡು, ಒಂದೇ ಗುಂಪು ವಿಮೆಗೆ ಕೇಳಿದರೆ ವಿಮಾ ಸಂಸ್ಥೆ ಕಿವಿಗೊಡುವ ಸಂಭವ ಹೆಚ್ಚು. ಹೊರರಾಜ್ಯಗಳ ಗಡಿ ಕನ್ನಡಿಗರ ಹಿತಕ್ಕೂ ದುಡಿಯಬೇಕಾದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಮುಂದೆ ಇಂಥ ಕೂಟದ ಪ್ರಸ್ತಾವವನ್ನು ಇಡುವುದರಲ್ಲಿ ಸಂಕೋಚ ಬೇಡ. ನಾಟಕ, ಜಾನಪದಕ್ಕೆ ಕೇಳುವ ನೆರವನ್ನು ವಿಜ್ಞಾನಕ್ಕೂ ಕೇಳೋಣ.

ಇಷ್ಟೆಲ್ಲ ಕೇಳಿ ಬೇಸತ್ತು ‘ಬೇಡಪ್ಪ ಈ ವಿಮಾನದ ಗೋಜು’ ಎಂದು ಮಗುವಿನ ಕೈಯಿಂದ ರಿಮೋಟು ಕಿತ್ತಿಡುವುದು ಸುಲಭ. ಅದು ನಮ್ಮ ಉದ್ದೇಶವಲ್ಲ. ರೆಕ್ಕೆಯ ಬಾಗು ಏಕೆ ಬೇಕು, ಭಾರದ ಕೇಂದ್ರ ಎಲ್ಲಿರಬೇಕು ಎಂಬುದನ್ನು ಕೈಯಾರೆ ಕಲಿತ ಮಗುವಿಗೆ ಭೌತಶಾಸ್ತ್ರ ಹೊರೆಯಾಗದು. ಹಾರಿಸುವ ಹಕ್ಕಿನ ಜೊತೆಗೆ ಕೆಳಗೆ ನಿಂತವರ ಹೊಣೆಯೂ ಇದೆ ಎಂಬುದನ್ನೂ ಆ ಮಗು ಕಲಿಯಲಿ. ಹೊಲದಲ್ಲಿ ದುಡಿಯುವವರೂ ನಮ್ಮವರೇ, ಹಾರಿಸುವ ಮಗುವೂ ನಮ್ಮದೇ.