ಗಲ್ಫ್ ದುಡಿಮೆಗೆ ಕಾನೂನಿದೆ, ತಿಳಿಸುವವರಿಲ್ಲ

ಬಂಟ್ವಾಳ, ಪುತ್ತೂರು, ಬೆಳ್ತಂಗಡಿ ಕಡೆಯಿಂದ ದುಬೈ, ದೋಹಾ, ಮಸ್ಕತ್‌ಗೆ ದುಡಿಯಲು ಹೋದ ಬಹಳ ಮಂದಿಯ ಆಸೆ ಎರಡೇ: ಊರಲ್ಲೊಂದು ತಾರಸಿ ಮನೆ, ಹತ್ತಿರದಲ್ಲಿ ಒಂದೆರಡು ಎಕರೆ ಅಡಿಕೆ ತೋಟ. ಮನೆಗೆ ಅಡ್ಡಿಯಿಲ್ಲ, ತೋಟಕ್ಕಿದೆ. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ (ಫೆಮಾ) ನಿಯಮಗಳ ಪ್ರಕಾರ ಅನಿವಾಸಿ ಭಾರತೀಯರು ಇಲ್ಲಿ ಮನೆ, ಫ್ಲ್ಯಾಟ್, ಅಂಗಡಿ ಕೊಳ್ಳಬಹುದು. ಕೃಷಿಭೂಮಿ, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಅಪ್ಪನ ತೋಟ ಪಾಲಾಗಿ ಬಂದರೆ ಇಟ್ಟುಕೊಳ್ಳಬಹುದು, ಪಕ್ಕದವರ ತೋಟವನ್ನು ಕ್ರಯಕ್ಕೆ ಪಡೆಯುವಂತಿಲ್ಲ.

2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ರಾಜ್ಯ ಸರ್ಕಾರ ತೆಗೆದುಹಾಕಿದ ಮೇಲೆ ಗೊಂದಲ ಇನ್ನಷ್ಟಾಯಿತು. ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂದಾದಾಗ, ಗಲ್ಫ್‌ನಲ್ಲಿರುವವರಿಗೂ ದಾರಿ ತೆರೆಯಿತು ಎಂದು ನಂಬಿದವರಿದ್ದಾರೆ. ತೆಗೆದದ್ದು ರಾಜ್ಯದ ನಿರ್ಬಂಧವನ್ನು. ಕೇಂದ್ರದ ಫೆಮಾ ನಿಯಮ ಇದ್ದ ಹಾಗೆಯೇ ಇದೆ. ರಜೆಗೆ ಬಂದವನು ಬ್ರೋಕರ್ ಜೊತೆ ಹೋಗಿ ತೋಟ ನೋಡುತ್ತಾನೆ. ಪಹಣಿ, ಸರ್ವೆ ನಕ್ಷೆ, ಋಣಭಾರ ಪತ್ರ ಎಲ್ಲವನ್ನೂ ಪರಿಶೀಲಿಸುತ್ತಾರೆ, ಬಾವಿಯ ನೀರನ್ನೂ ಕೇಳುತ್ತಾರೆ. ಕೊಳ್ಳುವವನು ಎಲ್ಲಿ ದುಡಿಯುತ್ತಿದ್ದಾನೆ ಎಂಬುದೇ ವ್ಯವಹಾರವನ್ನು ಕಾನೂನುಬಾಹಿರ ಮಾಡಬಹುದೆಂದು ಅಲ್ಲಿರುವ ಯಾರಿಗೂ ಹೊಳೆಯುವುದಿಲ್ಲ. ಫೆಮಾ ಉಲ್ಲಂಘನೆಗೆ ದಂಡ ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು.

ತೊಡಕು ಅದಕ್ಕಿಂತ ಮೊದಲೇ, ಬ್ಯಾಂಕ್ ಪಾಸ್‌ಬುಕ್ಕಿನಲ್ಲೇ ಶುರುವಾಗುತ್ತದೆ. ಆದಾಯ ತೆರಿಗೆ ಕಾಯ್ದೆಗೆ ಬೇಕಾದದ್ದು ದಿನಗಳ ಲೆಕ್ಕ, ಫೆಮಾಕ್ಕೆ ಬೇಕಾದದ್ದು ಹೋದ ಉದ್ದೇಶ. ಕೆಲಸಕ್ಕೆಂದು ಬಜ್ಪೆಯಲ್ಲಿ ವಿಮಾನ ಹತ್ತಿದವನು ಅಂದಿನಿಂದಲೇ ಫೆಮಾದ ಲೆಕ್ಕದಲ್ಲಿ ಅನಿವಾಸಿ. ಅವನ ಹಳೆಯ ಉಳಿತಾಯ ಖಾತೆ ಎನ್‌ಆರ್‌ಒ ಖಾತೆಯಾಗಿ ಬದಲಾಗಬೇಕು. ಅಲ್ಲಿಂದ ಕಳಿಸುವ ಸಂಬಳಕ್ಕೆ ಎನ್‌ಆರ್‌ಇ ಖಾತೆ ತೆರೆದರೆ ಬಡ್ಡಿಗೆ ತೆರಿಗೆಯಿಲ್ಲ, ಹಣವನ್ನು ಬೇಕೆಂದಾಗ ವಾಪಸ್ ಒಯ್ಯಬಹುದು. ಊರಲ್ಲಿರುವ ಹೆಂಡತಿಗೋ ತಾಯಿಗೋ ಮನೆಖರ್ಚಿಗೆ ಹಣ ತೆಗೆಯುವ ಅಧಿಕಾರ ಪತ್ರ ಕೊಡುವುದಕ್ಕೂ ಅವಕಾಶವಿದೆ. ಇಷ್ಟು ಅನುಕೂಲವಿದ್ದರೂ ಹತ್ತಾರು ವರ್ಷ ಹಳೆಯ ಖಾತೆಯನ್ನೇ ನಡೆಸಿಕೊಂಡು ಬಂದವರು ಊರೂರಿನಲ್ಲಿ ಸಿಗುತ್ತಾರೆ. ಖಾತೆ ಬದಲಿಸಬೇಕೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ವೀಸಾ ಕ್ಯಾನ್ಸಲ್ ಮಾಡಿಕೊಂಡು ಊರಿಗೆ ಮರಳಿದವರದ್ದು ಇದರ ಮತ್ತೊಂದು ಮುಖ. ನೆಲೆಸಲೆಂದು ಬಂದ ಕೂಡಲೇ ಎನ್‌ಆರ್‌ಇ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಬೇಕು, ಬಡ್ಡಿಯ ತೆರಿಗೆ ವಿನಾಯಿತಿ ಅಲ್ಲಿಗೆ ಮುಗಿಯಿತು. ಉಳಿತಾಯವನ್ನು ಡಾಲರ್‌ನಲ್ಲೇ ಇಟ್ಟುಕೊಳ್ಳಬೇಕೆಂದರೆ ಮರಳಿ ಬಂದವರಿಗಾಗಿಯೇ ಆರ್‌ಎಫ್‌ಸಿ ಎಂಬ ಖಾತೆಯಿದೆ. ಅದರ ಹೆಸರು ಕೇಳಿದವರೇ ಕಡಿಮೆ.

ಈ ಕಟ್ಟುಪಾಡುಗಳು ಹುಟ್ಟಿದ್ದು ಡಾಲರ್ ಬರಗಾಲದಲ್ಲಿ. ಒಂದು ಕಾಲಕ್ಕೆ ಕುವೈತ್, ಬಹರೇನ್, ದುಬೈಗಳಲ್ಲಿ ಓಡುತ್ತಿದ್ದದ್ದು ನಮ್ಮದೇ ರೂಪಾಯಿ. ಆ ರೂಪಾಯಿಯಿಂದ ಚಿನ್ನದ ಕಳ್ಳಸಾಗಣೆ ನಡೆದು ದೇಶದ ವಿದೇಶಿ ವಿನಿಮಯ ಸೋರುತ್ತಿದೆ ಎಂದು 1959ರಲ್ಲಿ ರಿಸರ್ವ್ ಬ್ಯಾಂಕ್ ಗಲ್ಫ್‌ಗೆಂದೇ ಪ್ರತ್ಯೇಕ ನೋಟು ಮುದ್ರಿಸಿತು. 1966ರ ಜೂನ್‌ನಲ್ಲಿ ಡಾಲರ್‌ಗೆ 4.76 ಇದ್ದ ರೂಪಾಯಿಯನ್ನು 7.50ಕ್ಕೆ ಇಳಿಸಿದಾಗ ದುಬೈ, ಕತಾರ್ ಅದನ್ನು ಕೈಬಿಟ್ಟವು. 1973ರ ಫೆರಾ ಕಾಯ್ದೆ ವಿನಿಮಯ ನಿಯಮದ ಉಲ್ಲಂಘನೆಗೆ ಜೈಲು ತೋರಿಸಿತು. ಸರ್ಕಾರಿ ದರಕ್ಕೂ ಹೊರಗಿನ ದರಕ್ಕೂ ಅಂತರವಿದ್ದ ಆ ದಿನಗಳಲ್ಲಿ ಹುಂಡಿ ಹಬ್ಬಿದ್ದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ ದಿರ್ಹಮ್ ಕೊಟ್ಟರೆ ಇಲ್ಲಿ ಮನೆಬಾಗಿಲಿಗೆ ರೂಪಾಯಿ ಬರುತ್ತಿತ್ತು, ಗುರುತಿಗೆ ಒಂದು ನೋಟಿನ ನಂಬರ್. 1993ರಲ್ಲಿ ದರ ಮಾರುಕಟ್ಟೆಗೆ ಬಿಟ್ಟ ಮೇಲೆ ಆ ಅಂತರ ಕರಗಿತು. 2000ದ ಜೂನ್ 1ರಂದು ಫೆಮಾ ಜಾರಿಯಾಗಿ ಜೈಲಿನ ಜಾಗಕ್ಕೆ ದಂಡ ಬಂತು.

ಅನಂತರದ ಸಡಿಲಿಕೆ ಯಾರಿಗೆ ಹೆಚ್ಚು ದಕ್ಕಿತು ಎಂಬುದನ್ನು ನೋಡಬೇಕು. 2004ರಲ್ಲಿ ನಿವಾಸಿ ಭಾರತೀಯರು ವರ್ಷಕ್ಕೆ 25 ಸಾವಿರ ಡಾಲರ್ ಹೊರಗೆ ಕಳಿಸಬಹುದಿತ್ತು. ಈಗ ಆ ಮಿತಿ 2.5 ಲಕ್ಷ ಡಾಲರ್. ಆ ಹಣದಲ್ಲಿ ಅವರು ದುಬೈಯಲ್ಲಿ ಫ್ಲ್ಯಾಟ್ ಕೊಳ್ಳಬಹುದು. ಅದೇ ದುಬೈಯಲ್ಲಿ ಬಿಸಿಲಿಗೆ ಮೈಯೊಡ್ಡಿ ದುಡಿದು, ದೇಶಕ್ಕೆ ವಿದೇಶಿ ಹಣ ತಂದವನು ಹುಟ್ಟಿದೂರಿನಲ್ಲಿ ಎರಡೆಕರೆ ತೋಟ ಕೊಳ್ಳುವಂತಿಲ್ಲ. ಹಣ ಹೊರಗೆ ಕಳಿಸುವ ಸಿರಿವಂತರಿಗೆ ಬ್ಯಾಂಕಿನವರೇ ಕೂತು ನಿಯಮ ವಿವರಿಸುತ್ತಾರೆ. ಹಣ ಒಳಗೆ ತರುವವನಿಗೆ ಕೌಂಟರಿನಲ್ಲಿ ಸಿಗುವುದು ಇಂಗ್ಲಿಷ್ ಫಾರಂ. ಇದು ಅನ್ಯಾಯ ಎಂದೇ ನನ್ನ ಎಣಿಕೆ.

ಕೆನರಾ, ಕಾರ್ಪೊರೇಷನ್, ಕರ್ನಾಟಕ, ಸಿಂಡಿಕೇಟ್, ವಿಜಯ: ಐದು ಬ್ಯಾಂಕ್‌ಗಳನ್ನು ಕೊಟ್ಟ ನೆಲ ನಮ್ಮ ಕರಾವಳಿ. ಹಳ್ಳಿಯ ಮಂದಿಗೆ ಅವರ ಭಾಷೆಯಲ್ಲೇ ಉಳಿತಾಯ ಕಲಿಸಿದ ಬ್ಯಾಂಕ್‌ಗಳವು. ಐದರಲ್ಲಿ ಮೂರು 2019–20ರ ವಿಲೀನದಲ್ಲಿ ಕರಗಿದವು. ಶಾಖೆಗಳು ಉಳಿದಿವೆ, ಖಾತೆದಾರನ ಮಗ ಗಲ್ಫ್‌ಗೆ ಹೊರಟಿದ್ದಾನೆಂದು ತಿಳಿದು ಕರೆದು ಮಾತಾಡುವ ಮ್ಯಾನೇಜರ್ ಅಪರೂಪವಾಗಿದ್ದಾರೆ. ಖಾತೆ ಬದಲಿಸಬೇಕೆಂದು ಕನ್ನಡದಲ್ಲಿ ಬರೆದ ಒಂದು ಪುಟ, ಅದನ್ನು ತುಳುವಿನಲ್ಲೋ ಬ್ಯಾರಿಯಲ್ಲೋ ಓದಿ ಹೇಳುವ ಒಬ್ಬ ಗುಮಾಸ್ತ, ಇಷ್ಟನ್ನು ಜಿಲ್ಲೆಯ ಲೀಡ್ ಬ್ಯಾಂಕ್ ಮನಸ್ಸು ಮಾಡಿದರೆ ಈ ತಿಂಗಳೇ ಶುರುಮಾಡಬಹುದು. ಕೇರಳ 1996ರಲ್ಲೇ ಅನಿವಾಸಿಗಳಿಗೆಂದು ನೋರ್ಕಾ ಎಂಬ ಇಲಾಖೆ ತೆರೆಯಿತು. ಕಾಸರಗೋಡಿನ ಕನ್ನಡಿಗನಿಗೆ ಹೋಗಿ ಕೇಳಲು ಅಂಥದೊಂದು ಕಚೇರಿಯಿದೆ. ತಲಪಾಡಿ ಗಡಿಯ ಈಚೆಗಿನವನಿಗೂ ಅದು ಬೇಕು.

ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕೃಷಿಭೂಮಿಯ ಕ್ರಯಪತ್ರಕ್ಕೆ ಮೊದಲು ಕೊಳ್ಳುವವರು ನಿವಾಸಿಯೋ ಅನಿವಾಸಿಯೋ ಎಂದು ಕಡ್ಡಾಯವಾಗಿ ಕೇಳಬೇಕು. ಆಗ ಎಷ್ಟೋ ಕುಟುಂಬಗಳ ದುಡ್ಡು ಉಳಿಯುತ್ತದೆ. ತೋಟದ ನಿಷೇಧವೂ ಮರುಪರಿಶೀಲನೆಗೆ ಬರಬೇಕು. ಹೊರಗಿನ ದೊಡ್ಡ ಹಣ ಭೂಮಿಯ ಬೆಲೆ ಏರಿಸಿ ಸಣ್ಣ ರೈತನನ್ನು ಎಬ್ಬಿಸುತ್ತದೆ ಎಂಬ ಭಯ ನಿಜವಾದದ್ದೇ. ಆದ್ದರಿಂದ ಮಿತಿ ಇರಲಿ: ಭಾರತದ ಪಾಸ್‌ಪೋರ್ಟ್ ಇರುವವರಿಗೆ, ಸ್ವಂತ ಜಿಲ್ಲೆಯಲ್ಲಿ, ಕೆಲವೇ ಎಕರೆಯವರೆಗೆ. ಈ ನಿಷೇಧ ಇರುವುದು 2019ರಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಹೊರಡಿಸಿದ ನಿಯಮಗಳಲ್ಲಿ. ತಿದ್ದಲು ಹೊಸ ಮಸೂದೆ ಬೇಡ, ಅಧಿಸೂಚನೆ ಸಾಕು. ಕರಾವಳಿಯ ಸಂಸದರು ಕೇಳಬೇಕಾದದ್ದು ಅದನ್ನು.