ಸೌಂಡ್ ಏರಿಸಿದರೆ ದೋಷ ಹೋಗುವುದಿಲ್ಲ

ಶಹಾಪುರ–ಯಾದಗಿರಿ ರಸ್ತೆಯಲ್ಲಿರುವ ದೋರನಹಳ್ಳಿಯಲ್ಲಿ ನಿಂತರೆ ಗಾಡಿ ಕಣ್ಣಿಗೆ ಬೀಳುವ ಮೊದಲೇ ಅದರ ಟೇಪು ಕಿವಿಗೆ ಬೀಳುತ್ತದೆ. ಕ್ರೂಸರ್, ಬೊಲೆರೊ ಪಿಕಪ್, ಟಾಟಾ ಏಸ್, ಟಂಟಂ, ಭತ್ತ ಹೇರಿದ ಟ್ರ್ಯಾಕ್ಟರ್, ಎಲ್ಲದರಲ್ಲೂ ಹಾಡು. ಒಳಗೆ ಹತ್ತಿ ಕುಳಿತವರಿಗೆ ಹಾಡಿನ ಬೆನ್ನಿಗೇ ಇನ್ನೊಂದು ಸದ್ದು ಕೇಳುತ್ತದೆ. ಕುಂಯ್ ಎಂದು ಸಣ್ಣಗೆ ಎಳೆಯುವ ಸದ್ದು. ಆಕ್ಸಿಲರೇಟರ್ ಒತ್ತಿದರೆ ಅದು ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಚಾಲಕನನ್ನು ಕೇಳಿ ನೋಡಿ: ‘ಅದು ಹಂಗೇ ಅದರಿ, ನಡೀತದ ಬಿಡ್ರಿ’ ಎನ್ನುತ್ತಾನೆ. ಹಾಗಂದು ಸೌಂಡ್ ಏರಿಸುತ್ತಾನೆ.

ನಡೆಯುವುದಿಲ್ಲ. ಇಷ್ಟು ವರ್ಷ ನಡೆಸಿಕೊಂಡು ಬಂದದ್ದೇ ತಪ್ಪು. ಆ ಸದ್ದು ಹಾಡಿನ ದೋಷವಲ್ಲ, ಸ್ಪೀಕರಿನ ದೋಷವೂ ಅಲ್ಲ. ಗಾಡಿಯ ವಿದ್ಯುತ್ ಜೋಡಣೆಯಲ್ಲಿ ಎಲ್ಲೋ ಒಂದು ಕಡೆ ಹಿಡಿತ ತಪ್ಪಿದೆ ಎಂಬುದರ ನೇರ ಸೂಚನೆ ಅದು. ಕೇಳಿಯೂ ಕೇಳದಂತೆ ಇರುವವನು ಹಾಡಿಗಷ್ಟೇ ಅಲ್ಲ, ಹಿಂದೆ ಕುಳಿತ ಜನರಿಗೂ ಅನ್ಯಾಯ ಮಾಡುತ್ತಿದ್ದಾನೆ.

ನಮ್ಮಲ್ಲಿ ಎಲ್ಲರೂ ಡೈನಮೋ ಎನ್ನುವ ಆಲ್ಟರ್ನೇಟರ್ ಹುಟ್ಟಿಸುವುದು ಎಸಿ ಕರೆಂಟು. ಅದರೊಳಗಿನ ಡಯೋಡುಗಳು, ಸಾಮಾನ್ಯವಾಗಿ ಆರು, ಅದನ್ನು ಡಿಸಿ ಮಾಡಿ ಬ್ಯಾಟರಿಗೆ ಕಳಿಸುತ್ತವೆ. ಎಷ್ಟೇ ಸರಿಯಾಗಿದ್ದರೂ ಒಂದಿಷ್ಟು ಅಲೆ ಉಳಿಯುತ್ತದೆ. ಎಂಜಿನ್ ವೇಗ ಹೆಚ್ಚಿದಂತೆ ಆ ಅಲೆಯೂ ವೇಗವಾಗುತ್ತದೆ. ರೇಸ್ ಜೊತೆಗೆ ಸದ್ದು ಏರುವುದಕ್ಕೆ ಇದೇ ಕಾರಣ. ಜೋಡಣೆ ಗಟ್ಟಿಯಾಗಿದ್ದರೆ ಈ ಅಲೆ ಸ್ಪೀಕರಿಗೆ ತಲುಪುವುದಿಲ್ಲ. ತಲುಪಿದೆ ಎಂದರೆ ನಾವೇ ದಾರಿ ಮಾಡಿಕೊಟ್ಟಿದ್ದೇವೆ ಎಂದರ್ಥ.

ಆ ದಾರಿಗೆ ಹೆಚ್ಚಿನ ಗಾಡಿಗಳಲ್ಲಿ ಒಂದೇ ಹೆಸರು: ಅರ್ಥ್. ಗಾಡಿಯ ತಗಡಿನ ಮೈಯೇ ಮೈನಸ್ ವೈರ್. ಪ್ಲಸ್ಸಿನಿಂದ ಹೋದ ಕರೆಂಟು ಬಾಡಿಯ ಮೂಲಕವೇ ಬ್ಯಾಟರಿಗೆ ಮರಳಬೇಕು. ಟೇಪಿನ ಅರ್ಥ್ ಡ್ಯಾಶ್‌ಬೋರ್ಡಿನ ಹಿಂದೆ ಒಂದು ಕಡೆ, ಆಂಪ್ಲಿಫೈಯರಿನ ಅರ್ಥ್ ಸೀಟಿನ ಕೆಳಗೆ ಇನ್ನೊಂದು ಕಡೆ ಇದ್ದು, ಅವುಗಳಲ್ಲಿ ಒಂದು ಬಣ್ಣದ ಮೇಲೋ ತುಕ್ಕಿನ ಮೇಲೋ ಕೂತಿದ್ದರೆ ಎರಡರ ನಡುವೆ ವೋಲ್ಟೇಜಿನ ಸಣ್ಣ ವ್ಯತ್ಯಾಸ ಹುಟ್ಟುತ್ತದೆ. ಆಗ ಕರೆಂಟು ಹಾಡು ಸಾಗಿಸುವ ಆರ್‌ಸಿಎ ಕೇಬಲ್ಲಿನ ಹೊರಜಾಲರಿಯಲ್ಲೇ ಹರಿಯತೊಡಗುತ್ತದೆ. ಆಂಪ್ಲಿಫೈಯರಿಗೆ ಹಾಡು ಯಾವುದು, ಡೈನಮೋದ ಅಲೆ ಯಾವುದು ಎಂದು ತಿಳಿಯದು. ಎರಡನ್ನೂ ಒಟ್ಟಿಗೆ ಹಿಗ್ಗಿಸುತ್ತದೆ.

ನಮ್ಮ ಸೀಮೆಯಲ್ಲಿ ಅರ್ಥ್ ಕೆಡುವುದಕ್ಕೆ ಹೆಚ್ಚು ದಿನ ಬೇಕಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಭತ್ತದ ಗದ್ದೆಗಳಾದವು. ಟ್ರ್ಯಾಕ್ಟರುಗಳು ಕೆಸರಿಗೆ ಇಳಿದವು. ಕರಿಮಣ್ಣಿನ ರಾಡಿ ಚಾಸಿಗೆ ಅಂಟಿ ತೇವ ಹಿಡಿದುಕೊಳ್ಳುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಬೋಲ್ಟಿನ ಕೆಳಗೆ ತುಕ್ಕು ಕೂರುತ್ತದೆ. ಬ್ಯಾಟರಿ ತುದಿಗಳ ಮೇಲೆ ಬಿಳಿ-ಹಸಿರು ಬೂಷ್ಟಿನಂಥದ್ದು ಬೆಳೆದಿರುತ್ತದೆ. ಅದರ ಮೇಲೆ ಬಿಸಿನೀರು ಸುರಿದು ತೊಳೆದು, ಉಜ್ಜಿ, ನಟ್ಟು ಬಿಗಿಮಾಡಲು ಎಷ್ಟು ಹೊತ್ತು ಬೇಕು? ಜಾತ್ರೆಗೆ ಹೋಗುವಾಗ ಟ್ರ್ಯಾಕ್ಟರಿಗೆ ಹೂವಿನ ಹಾರ ಕಟ್ಟಲು ಸಮಯವಿರುವ ನಮಗೆ ಇದಕ್ಕೆ ಸಮಯವಿಲ್ಲ.

ಟೇಪು ಕೂರಿಸುವ ಹುಡುಗರಿಗೂ ಈ ಮಾತು ಹೇಳಲೇಬೇಕು. ಎರಡು ವೈರು ಸುಲಿದು, ಬೆರಳಿನಿಂದ ತಿರುಚಿ, ಕರಿಟೇಪು ಸುತ್ತಿ ಡ್ಯಾಶ್‌ಬೋರ್ಡಿನ ಹಿಂದೆ ತುರುಕಿದರೆ ಅದು ಕೆಲಸವಲ್ಲ. ಬಿಸಿಲಿಗೆ ಆ ಟೇಪಿನ ಅಂಟು ಬಿಡುತ್ತದೆ, ಕುಲುಕಾಟಕ್ಕೆ ವೈರು ಸಡಿಲುತ್ತದೆ. ಕಣ್ಣಿಗೆ ಬಿದ್ದ ಯಾವುದೋ ಸ್ಕ್ರೂಗೆ ಅರ್ಥ್ ಕಟ್ಟುವುದು, ಮ್ಯಾಟ್ ಎತ್ತಲು ಬೇಸರವೆಂದು ಬ್ಯಾಟರಿಯ ದಪ್ಪ ವೈರನ್ನೂ ಆರ್‌ಸಿಎ ಕೇಬಲ್ಲನ್ನೂ ಒಂದೇ ಕಟ್ಟಿನಲ್ಲಿ ಎಳೆಯುವುದು, ಆಮೇಲೆ ಸದ್ದು ಬಂತೆಂದು ಗಿರಾಕಿ ತಿರುಗಿ ಬಂದರೆ ಒಂದು ಫಿಲ್ಟರ್ ಮಾರುವುದು! ಫಿಲ್ಟರ್ ಕೊನೆಯ ಉಪಾಯ. ಅರ್ಥ್ ಸರಿಮಾಡದೆ ಹಾಕಿದ ಫಿಲ್ಟರ್ ಸದ್ದನ್ನು ಮುಚ್ಚಿಡುತ್ತದೆ, ಸಡಿಲ ಜೋಡಣೆ ಅಲ್ಲೇ ಬಿಸಿಯಾಗುತ್ತಿರುತ್ತದೆ.

ಹುಡುಕುವ ಕ್ರಮ ಕಷ್ಟದ್ದೇನಲ್ಲ. ತಾಳ್ಮೆ ಬೇಕು, ಅಷ್ಟೆ. ಮೊದಲು ಎಂಜಿನ್ ಬಂದ್ ಮಾಡಿ, ಚಾವಿ ಮಾತ್ರ ತಿರುಗಿಸಿ ಟೇಪು ಹಚ್ಚಿ. ಸದ್ದಿಲ್ಲವೆಂದರೆ ಡೈನಮೋ, ಅರ್ಥ್ ಕಡೆ ನೋಡಿ. ಆಗಲೂ ಸದ್ದಿದ್ದರೆ ಮೊಬೈಲ್ ಚಾರ್ಜರ್ ಕಿತ್ತು ನೋಡಿ, ಅಗ್ಗದ ಚಾರ್ಜರುಗಳು ರೇಡಿಯೊವನ್ನು ಹಾಳುಮಾಡುವಷ್ಟು ಕಿರಿಕಿರಿ ಹುಟ್ಟಿಸುತ್ತವೆ. ರೇಡಿಯೊದಲ್ಲಿ ಮಾತ್ರ ಸದ್ದು, ಪೆನ್‌ಡ್ರೈವ್ ಹಾಡಿನಲ್ಲಿ ಇಲ್ಲ ಎಂದಾದರೆ ಆಂಟೆನಾದ ಬುಡದ ಅರ್ಥ್ ಬಿಚ್ಚಿ ಸ್ವಚ್ಛಮಾಡಿ. ಕಲಬುರಗಿ ಆಕಾಶವಾಣಿ ಸರಿಯಾಗಿ ಹಿಡಿಯುವುದಿಲ್ಲ ಎಂದು ನಿಲಯವನ್ನು ದೂರುವ ಮೊದಲು ನಿಮ್ಮ ಗಾಡಿಯನ್ನು ನೋಡಿಕೊಳ್ಳಿ. ಟಕಟಕ ಎಂದು ರೇಸ್ ಜೊತೆ ಬಡಿಯುವ ಸದ್ದು ಪೆಟ್ರೋಲ್ ಗಾಡಿಯಲ್ಲಾದರೆ ಸ್ಪಾರ್ಕ್ ಪ್ಲಗ್ಗಿನದು, ಕಂಪನಿ ಹೇಳಿದ ರೆಸಿಸ್ಟರ್ ಪ್ಲಗ್ಗನ್ನೇ ಹಾಕಬೇಕು. ಡೀಸೆಲ್ ಗಾಡಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಅಲ್ಲಿ ಆ ನೆಪ ಹೇಳುವ ಫಿಟ್ಟರಿನ ಹತ್ತಿರ ಗಾಡಿ ಬಿಡಬೇಡಿ.

ಆಂಪ್ಲಿಫೈಯರ್ ಇದ್ದರೆ ಅದನ್ನು ಆರಿಸಿ ಆರ್‌ಸಿಎ ಪಿನ್ನು ಕೀಳಿ, ಆಂಪ್ಲಿಫೈಯರನ್ನಷ್ಟೇ ಮತ್ತೆ ಹಚ್ಚಿ. ಸದ್ದು ಹೋದರೆ ದೋಷ ಟೇಪಿನ ಕಡೆಯದು ಅಥವಾ ಕೇಬಲ್ಲಿನದು. ಹೋಗದಿದ್ದರೆ ಆಂಪ್ಲಿಫೈಯರಿನ ಅರ್ಥಿನದು ಅಥವಾ ಅದಕ್ಕೆ ಬರುವ ಕರೆಂಟಿನದು. ಎಂಜಿನ್ ಚಾಲೂ ಇಟ್ಟು, ಹಾಡು ಹಚ್ಚಿ, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಆಂಪ್ಲಿಫೈಯರಿನ ಅರ್ಥಿಗೆ ಹಿಡಿಯಿರಿ. ಡಿಸಿಯಲ್ಲಿ 0.1 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ಅರ್ಥ್ ಕೆಟ್ಟಿದೆ. ಪಾಲಿಶ್ ಪೇಪರಿನಿಂದ ತಗಡು ಹೊಳೆಯುವವರೆಗೆ ಬಣ್ಣ ಉಜ್ಜಿ, ರಿಂಗ್ ಲಗ್ ಒತ್ತಿ, ಬೋಲ್ಟು ಬಿಗಿದು, ಮೇಲೆ ಗ್ರೀಸ್ ಸವರಿ. ಸೀಟ್ ಬೆಲ್ಟಿನ ಬೋಲ್ಟನ್ನು ಮಾತ್ರ ಇದಕ್ಕೆ ಬಿಚ್ಚಬೇಡಿ, ಅದು ಪ್ರಾಣ ಉಳಿಸುವ ಬೋಲ್ಟು.

ಅರ್ಥ್ ಸರಿಯಿದ್ದೂ ಕುಂಯ್ ನಿಲ್ಲದಿದ್ದರೆ ಡೈನಮೋದ ಡಯೋಡು ಹೋಗಿರಬಹುದು. ಮೀಟರನ್ನು ಎಸಿಗೆ ತಿರುಗಿಸಿ ಬ್ಯಾಟರಿಯ ಎರಡು ತುದಿಗೆ ಹಿಡಿದರೆ ಅರ್ಧ ವೋಲ್ಟಿನ ಮೇಲೆ ಬರುವುದು ಅದರ ಲಕ್ಷಣ. ಇಲ್ಲೊಂದು ಎಚ್ಚರ: ಅಗ್ಗದ ಹಳದಿ ಮೀಟರುಗಳು ಡಿಸಿಯನ್ನೇ ಎಸಿ ಎಂದು ತೋರಿಸಿಬಿಡುತ್ತವೆ. ಎಂಜಿನ್ ಬಂದ್ ಇದ್ದಾಗಲೂ ಅಂಕಿ ಬಂದರೆ ಆ ಮೀಟರನ್ನು ನಂಬಬೇಡಿ. ಈ ಡಯೋಡುಗಳನ್ನು ಸುಡುವವರೂ ನಾವೇ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಕೇಬಲ್ ಕಿತ್ತು ಇನ್ನೊಂದು ಟ್ರ್ಯಾಕ್ಟರಿಗೆ ಹಚ್ಚುವುದು ಹೊಲಗಳಲ್ಲಿ ಜಾಣತನವಾಗಿಬಿಟ್ಟಿದೆ. ಕೇಬಲ್ ಕಿತ್ತ ಗಳಿಗೆಯಲ್ಲಿ ವೋಲ್ಟೇಜ್ ಥಟ್ಟನೆ ನೆಗೆಯುತ್ತದೆ, ಡಯೋಡು ಸುಡುತ್ತದೆ. ಅವಸರದಲ್ಲಿ ಪ್ಲಸ್ಸು ಮೈನಸ್ಸು ಅದಲುಬದಲಾದರೂ ಅಷ್ಟೇ. ಡಯೋಡು ಹೋದ ಡೈನಮೋ ಪೂರ್ತಿ ಚಾರ್ಜ್ ಮಾಡುವುದಿಲ್ಲ, ರಾತ್ರಿ ನಿಂತಲ್ಲೇ ಬ್ಯಾಟರಿಯನ್ನು ಬರಿದು ಮಾಡಲೂಬಹುದು. ಗುಳೆ ಹೊರಟ ಹೆಂಗಸರು, ಮಕ್ಕಳನ್ನು ತುಂಬಿಕೊಂಡು ಸುಮಾರು 500 ಕಿ.ಮೀ. ದೂರದ ಬೆಂಗಳೂರಿಗೆ ರಾತ್ರಿ ಹೊರಡುವ ಕ್ರೂಸರಿನ ಹೆಡ್‌ಲೈಟು ನಡುದಾರಿಯಲ್ಲಿ ಮಂಕಾದರೆ ಅದಕ್ಕೆ ಯಾರು ಹೊಣೆ? ದಿನಗಟ್ಟಲೆ ಆ ಕುಂಯ್ ಕೇಳಿಯೂ ಸೌಂಡ್ ಏರಿಸಿದವನೇ ಹೊಣೆ.

ಎಲ್ಲಕ್ಕಿಂತ ನನಗೆ ಸಿಟ್ಟು ಬರುವುದು ಫ್ಯೂಸಿನ ವಿಷಯಕ್ಕೆ. ಟೇಪಿನ ಬೆನ್ನಿಗೆ 10 ಅಥವಾ 15 ಆಂಪಿನ ಫ್ಯೂಸ್ ಇರುತ್ತದೆ. ಅದು ಹೋದರೆ ಯಾಕೆ ಹೋಯಿತು ಎಂದು ನೋಡದೆ ತಂತಿ ಸುತ್ತುತ್ತಾರೆ, ಸಿಗರೇಟ್ ಪಾಕೀಟಿನ ಬೆಳ್ಳಿ ಕಾಗದ ಸುತ್ತುತ್ತಾರೆ. ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ಹೋಗುವ ವೈರಿಗೆ ಎಷ್ಟೋ ಗಾಡಿಗಳಲ್ಲಿ ಫ್ಯೂಸೇ ಇಲ್ಲ. ಬ್ಯಾಟರಿಯಿಂದ ಹೆಚ್ಚೆಂದರೆ 45 ಸೆಂ.ಮೀ. ಒಳಗೆ ಆ ಫ್ಯೂಸ್ ಇರಲೇಬೇಕು. ತಗಡಿನ ಅಂಚಿಗೆ ಉಜ್ಜಿ ವೈರಿನ ಸಿಪ್ಪೆ ಹರಿದ ದಿನ ಬ್ಯಾಟರಿಯ ಪೂರ್ತಿ ಕರೆಂಟು ಅಲ್ಲಿ ಹರಿಯುತ್ತದೆ, ವೈರು ಕೆಂಪಗೆ ಕಾಯುತ್ತದೆ, ಸೀಟಿನ ಸ್ಪಂಜು ಹೊತ್ತಿಕೊಳ್ಳುತ್ತದೆ. ಬೆಂಕಿಯ ವಿಷಯವನ್ನು ದೋರನಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2022ರ ಫೆಬ್ರುವರಿಯಲ್ಲಿ ಸೀಮಂತದ ಮನೆಯಲ್ಲಿ ಸಿಲಿಂಡರ್ ಸೋರಿ ಹೊತ್ತಿದ ಬೆಂಕಿ ಈ ಊರಿನ ಎಷ್ಟು ಮನೆಗಳನ್ನು ಬರಿದು ಮಾಡಿತು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಅಂಥ ಊರಿನ ರಸ್ತೆಯಲ್ಲಿ ಬೆಳ್ಳಿ ಕಾಗದದ ಫ್ಯೂಸ್ ಹಾಕಿಕೊಂಡು ಜನ ತುಂಬಿಸುವವರನ್ನು ಕಂಡು ಸುಮ್ಮನಿರಲು ನನಗಾಗುವುದಿಲ್ಲ.

ಸ್ಪೀಕರಿಗೆ, ಬಣ್ಣದ ದೀಪಕ್ಕೆ ಸಾವಿರಗಟ್ಟಲೆ ಸುರಿಯುವ ಮಾಲೀಕರು ಫ್ಯೂಸಿಗೂ ಲಗ್ಗಿಗೂ ನೂರು ರೂಪಾಯಿ ಕೇಳಿದರೆ ಚೌಕಾಸಿ ಮಾಡುತ್ತಾರೆ. ಇದು ಬಡತನವಲ್ಲ, ಉದಾಸೀನ.

ಮೈಲಾಪುರದ ಜಾತ್ರೆಗೋ ಮದುವೆಗೋ ಬೆಂಗಳೂರಿಗೋ, ಮುಂದಿನ ಬಾಡಿಗೆಗೆ ಹೊರಡುವ ಮುಂಚೆ ಬಾನೆಟ್ ಎತ್ತಿ. ಬ್ಯಾಟರಿ ಮೈನಸ್ ಕೇಬಲ್ ಗಾಡಿಯ ಬಾಡಿಯ ಮೇಲೆ ಕೂತ ಜಾಗ ಕೈಯಿಂದ ಅಲುಗಾಡಿಸಿ ನೋಡಿ. ಆಂಪ್ಲಿಫೈಯರಿನ ವೈರಿಗೆ ಸರಿಯಾದ ಫ್ಯೂಸ್ ಇದೆಯೇ ನೋಡಿ. ಇಲ್ಲದಿದ್ದರೆ ಅದನ್ನು ಹಾಕಿಸುವವರೆಗೆ ಆ ವೈರನ್ನು ಬ್ಯಾಟರಿಯಿಂದ ಕಿತ್ತಿಡಿ, ಹಾಡಿಲ್ಲದೆ ಗಾಡಿ ಓಡಿಸಿ.